ಗೆಳೆಯರ ಕೂಟ ಎಲ್ಲಿ ಸೇರಬೇಕು: ಬಾರೋ, ಮಹಡಿಯೋ, ತೋಟವೋ?

ನಾವು ಏಳು ಜನ. ದಾವಣಗೆರೆಯ ಒಂದೇ ಪ್ರೌಢಶಾಲೆಯಲ್ಲಿ ಓದಿದವರು. ಐವರು ಗಂಡಸರು, ಇಬ್ಬರು ಹೆಂಗಸರು. ಒಬ್ಬ ಚಿತ್ರದುರ್ಗದಲ್ಲಿ ನೆಲೆಸಿದ್ದಾನೆ, ಇಬ್ಬರು ಬೆಂಗಳೂರಿನಲ್ಲಿದ್ದಾರೆ, ಉಳಿದ ನಾಲ್ವರು ಊರಿನಲ್ಲಿಯೇ ಇದ್ದೇವೆ. ವರ್ಷಕ್ಕೆ ಮೂರು ಸಲವಾದರೂ ಒಟ್ಟಿಗೆ ಕೂರಬೇಕೆಂಬುದು ನಮ್ಮ ಹಳೆಯ ಒಪ್ಪಂದ: ಯುಗಾದಿಯ ಹೊತ್ತಿಗೆ ಒಮ್ಮೆ, ದೀಪಾವಳಿಯ ರಜೆಯಲ್ಲಿ ಒಮ್ಮೆ, ಡಿಸೆಂಬರ್ ಕೊನೆಯಲ್ಲಿ ಒಮ್ಮೆ. ಇಷ್ಟು ವರ್ಷಗಳಲ್ಲಿ ಬಾರು, ಲಾಡ್ಜು, ಕ್ಲಬ್ಬು, ಮಹಡಿ, ತೋಟ, ಡಾಬಾ ಎಲ್ಲವನ್ನೂ ನೋಡಿದ್ದೇವೆ. ಯಾವುದು ಒಳ್ಳೆಯದು ಎಂದು ನನ್ನ ತಮ್ಮನ ವಯಸ್ಸಿನ ಹುಡುಗರು ಆಗಾಗ ಕೇಳುತ್ತಾರೆ. ನಾನು ಅವರನ್ನು ಮೊದಲು ಕೇಳುವುದು ಎರಡೇ ಪ್ರಶ್ನೆ. ನಿಮ್ಮಲ್ಲಿ ಕುಡಿಯದವರು ಯಾರು? ರಾತ್ರಿ ಎಲ್ಲರಿಗಿಂತ ದೂರ ಹೋಗಬೇಕಾದವರು ಯಾರು? ಜಾಗವನ್ನು ಆರಿಸಬೇಕಾದುದು ಈ ಇಬ್ಬರ ಅನುಕೂಲ ನೋಡಿ. ಹೆಚ್ಚು ಕುಡಿಯುವವನಿಗೆ ಯಾವ ಜಾಗವಾದರೂ ನಡೆಯುತ್ತದೆ.

ಇದನ್ನು ನಾನು ತಡವಾಗಿ ಕಲಿತೆ. ನಮ್ಮಲ್ಲೊಬ್ಬ ವೈದ್ಯರ ಮಾತು ಕೇಳಿ ಕುಡಿತ ಬಿಟ್ಟ. ಆಮೇಲೆ ಮೂರು ವರ್ಷ ಅವನು ಕೂಟಕ್ಕೆ ಬರಲಿಲ್ಲ. ಅಂಗಡಿಯಲ್ಲಿ ಜನವಿಲ್ಲ, ಮಗಳ ಪರೀಕ್ಷೆ, ಹೀಗೆ ಒಂದೊಂದು ಸಲ ಒಂದೊಂದು ಕಾರಣ. ನಾವು ನಂಬಿದೆವು. ಅವನ ತಂದೆಯ ಶಿವಗಣಾರಾಧನೆಗೆ ಹೋದಾಗ, ಪಂಕ್ತಿ ಮುಗಿದ ಮೇಲೆ ಶಾಮಿಯಾನದ ಕೆಳಗೆ ಕೂತು ಅವನೇ ಬಾಯಿಬಿಟ್ಟ. "ನೀವು ಕರೆಯುವುದು ಬಾರಿಗೆ. ಅಲ್ಲಿ ನಾನು ಮೂರು ಗಂಟೆ ಸೋಡಾ ಬಾಟಲಿ ಹಿಡಿದು ಕೂರಬೇಕು. ನಿಮ್ಮನ್ನು ನೋಡಬೇಕೆನಿಸುತ್ತದೆ, ಬಾರನ್ನು ನೋಡಬೇಕೆನಿಸುವುದಿಲ್ಲ." ಮೂರು ವರ್ಷ ಒಬ್ಬ ಗೆಳೆಯನನ್ನು ಹೊರಗಿಟ್ಟವರು ನಾವೇ ಎಂದು ಅಂದು ತಿಳಿಯಿತು. ಅಂದಿನಿಂದ ಜಾಗದ ಆಯ್ಕೆಯನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ.

ಬಾರ್ ಅಂಡ್ ರೆಸ್ಟೋರೆಂಟ್

ಬಾರಿನ ದೊಡ್ಡ ಗುಣವೆಂದರೆ ಅದು ಯಾರ ಮೇಲೂ ಹೊರೆ ಹಾಕುವುದಿಲ್ಲ. ಯಾರ ಮನೆಯ ಪಾತ್ರೆಯೂ ಎಂಜಲಾಗುವುದಿಲ್ಲ, ಯಾರ ಅತ್ತೆಯೂ ನಿದ್ದೆಗೆಡುವುದಿಲ್ಲ. ಇನ್ನೊಂದು ಗುಣವನ್ನು ಜನ ದೂರುತ್ತಾರೆ, ನಾನು ಮೆಚ್ಚುತ್ತೇನೆ: ಅದು ಹೊತ್ತಿಗೆ ಸರಿಯಾಗಿ ಮುಚ್ಚುತ್ತದೆ. ಸಪ್ಲೈಯರ್ ಬಂದು ಕೊನೆಯ ಆರ್ಡರ್ ಕೇಳಿದನೆಂದರೆ ಕೂಟ ತಾನಾಗಿ ಮುಗಿಯುತ್ತದೆ. ಮನೆಯಲ್ಲಿ, ತೋಟದಲ್ಲಿ "ಇನ್ನು ಸಾಕು" ಎನ್ನುವ ಮೂರನೆಯವರು ಇರುವುದಿಲ್ಲ.

ಆದರೆ ಎಲ್ಲ ಅಂಗಡಿಯೂ ಬಾರಲ್ಲ. ನಮ್ಮ ರಾಜ್ಯದಲ್ಲಿ ಅಬಕಾರಿ ಸನ್ನದುಗಳಿಗೆ ಬೇರೆ ಬೇರೆ ಹೆಸರಿದೆ. ಸಿಎಲ್-2 ಎಂದರೆ ಬಾಟಲಿ ಮಾರುವ ಅಂಗಡಿ, ಅಲ್ಲಿ ಕುಡಿಯಲು ಅವಕಾಶವಿಲ್ಲ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಮಳಿಗೆಯಲ್ಲೂ ಇದೇ ನಿಯಮ. ಸಿಎಲ್-9 ಎಂದರೆ ಕೂತು ಕುಡಿಯುವ ಬಾರ್ ಅಂಡ್ ರೆಸ್ಟೋರೆಂಟ್. ಸಿಎಲ್-7 ವಸತಿಗೃಹಗಳದ್ದು, ಸಿಎಲ್-4 ಕ್ಲಬ್ಬುಗಳದ್ದು. ವೈನ್ ಶಾಪಿನ ಪಕ್ಕದ ಸಂದಿಯಲ್ಲಿ ಪ್ಲಾಸ್ಟಿಕ್ ಲೋಟ ಹಿಡಿದು ನಿಲ್ಲುವುದು ಅಗ್ಗವೆಂದು ಕಾಣುತ್ತದೆ. ಅಲ್ಲಿ ಮಾತಿಗೆ ಜಾಗವಿಲ್ಲ, ಹೊಟ್ಟೆಗೆ ಊಟವಿಲ್ಲ, ನಿಂತಲ್ಲೇ ಗಟಗಟನೆ ಕುಡಿದು ಮುಗಿಸುವ ಅವಸರ ಮಾತ್ರ ಇರುತ್ತದೆ. ಗೆಳೆತನಕ್ಕೆ ಅದು ಜಾಗವೇ ಅಲ್ಲ.

ಬಾರನ್ನು ಆರಿಸುವಾಗ ನಾನು ಹಗಲಿನಲ್ಲಿ ಒಮ್ಮೆ ಹೋಗಿ ನೋಡಿ ಬರುತ್ತೇನೆ. ಟಿವಿಯ ಸದ್ದು ಎಷ್ಟಿದೆ, ಮೂಲೆಯಲ್ಲಿ ಏಳು ಜನ ಕೂರುವ ಟೇಬಲ್ ಸಿಗುತ್ತದೆಯೇ, ಕುಡಿಯದವನಿಗೆ ತಾಜಾ ನಿಂಬೆ ಸೋಡಾ ಮಾಡಿಕೊಡುತ್ತಾರೆಯೇ, ಹೆಂಗಸರಿಗೆ ಬೇರೆ ಶೌಚಾಲಯ ಇದೆಯೇ, ಇದ್ದರೆ ಅದರ ಚಿಲಕ ಸರಿಯಾಗಿದೆಯೇ. ಕೊನೆಯದನ್ನು ಕೇಳಲು ಗಂಡಸರು ಸಂಕೋಚಪಡುತ್ತಾರೆ. ಕೇಳಲೇಬೇಕು. ನಮ್ಮ ಇಬ್ಬರು ಗೆಳತಿಯರಲ್ಲಿ ಒಬ್ಬಳು ಬಾರಿಗೆ ಬಂದ ದಿನ ಸಂಜೆಯೆಲ್ಲ ನೀರನ್ನೇ ಕುಡಿಯುತ್ತಿರಲಿಲ್ಲ. ಕಾರಣ ಶೌಚಾಲಯವೆಂದು ಅವಳು ಹೇಳಿದ್ದು ವರ್ಷದ ನಂತರ.

ವಾರದ ನಡುವೆ ಸಂಜೆ ಆರೂವರೆಗೆ ಹೋದರೆ ಬಾರಿನಂತಹ ಒಳ್ಳೆಯ ಜಾಗ ಇನ್ನೊಂದಿಲ್ಲ. ಶನಿವಾರ, ಕ್ರಿಕೆಟ್ ಪಂದ್ಯದ ದಿನ, ತಿಂಗಳ ಮೊದಲ ವಾರ ಬೇಡ.

ದರದ ವಿಷಯ. ಅಂಗಡಿಯಲ್ಲಿ ಎಂಆರ್‌ಪಿಗೆ ಸಿಗುವ ಬಾಟಲಿಗೆ ಬಾರಿನಲ್ಲಿ ಹೆಚ್ಚು ಕೊಡಬೇಕಾಗುತ್ತದೆ. ಅದು ಕುರ್ಚಿ, ಫ್ಯಾನು, ಐಸಿನ ಬೆಲೆ. ಕೂರುವ ಮೊದಲೇ ದರಪಟ್ಟಿ ಕೇಳಿ ನೋಡಿಕೊಳ್ಳಿ. ಬಿಲ್ಲು ಬಂದಾಗ ಇನ್ನೆರಡನ್ನು ಗಮನಿಸಿ. ಮದ್ಯ ಜಿಎಸ್‌ಟಿಯ ವ್ಯಾಪ್ತಿಗೆ ಬರುವುದಿಲ್ಲ, ಆದ್ದರಿಂದ ಜಿಎಸ್‌ಟಿ ಹಾಕುವುದಿದ್ದರೆ ಊಟ ತಿಂಡಿಯ ಮೊತ್ತಕ್ಕೆ ಮಾತ್ರ. ಸೇವಾ ಶುಲ್ಕವೆಂದು ಸೇರಿಸಿದ್ದರೆ ಅದನ್ನು ಕೊಡಲೇಬೇಕೆಂಬ ಕಡ್ಡಾಯವಿಲ್ಲ. ಆದರೆ ಮೂರು ಗಂಟೆ ನಮ್ಮ ಹಿಂದೆಮುಂದೆ ಓಡಾಡಿದ ಸಪ್ಲೈಯರ್ ಕೈಗೆ ಏನಾದರೂ ಕೊಡದೆ ಏಳಬಾರದು.

ಲಾಡ್ಜ್ ಮತ್ತು ಕ್ಲಬ್

ಹೊರಊರಿನಿಂದ ಒಬ್ಬರೇ ಒಬ್ಬರು ಬರುವವರಿದ್ದರೂ ನನ್ನ ಮೊದಲ ಆಯ್ಕೆ ವಸತಿಗೃಹದ ರೆಸ್ಟೋರೆಂಟ್. ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. "ಒಂದು ಗಂಟೆಯ ದಾರಿ, ಹೋಗಿಬಿಡುತ್ತೇನೆ" ಎಂದು ನಮ್ಮ ಗೆಳೆಯ ಪ್ರತಿ ಸಲ ಹೇಳುತ್ತಿದ್ದ. ರಾತ್ರಿ ಅವನಿಗೆ ಉಳಿಯುವುದು ಬಸ್ ಅಥವಾ ಸ್ವಂತ ವಾಹನ. ಮಹಡಿಯ ಮೇಲೆಯೇ ಕೋಣೆಯಿದ್ದರೆ ಈ ಮಾತೇ ಏಳುವುದಿಲ್ಲ. ಕೋಣೆಯ ಬಾಡಿಗೆಯನ್ನು ಏಳು ಜನರೂ ಹಂಚಿಕೊಳ್ಳುತ್ತೇವೆ, ಮಲಗುವವನೊಬ್ಬನೇ ಕೊಡುವುದಿಲ್ಲ. ಅವನು ಉಳಿದುಕೊಳ್ಳುವುದು ನಮ್ಮೆಲ್ಲರ ನೆಮ್ಮದಿಗಾಗಿ. ಹೆಂಗಸರಿಗೂ ಇಂತಹ ಜಾಗ ಹೆಚ್ಚು ಹಿತ. ಕುಟುಂಬದವರು ಊಟ ಮಾಡುತ್ತಿರುತ್ತಾರೆ, ಬೆಳಕು ಚೆನ್ನಾಗಿರುತ್ತದೆ, ಯಾರೂ ದುರುಗುಟ್ಟಿ ನೋಡುವುದಿಲ್ಲ. ಖರ್ಚು ಬಾರಿಗಿಂತ ಹೆಚ್ಚು, ಅಷ್ಟೇ.

ಕ್ಲಬ್ಬಿನಲ್ಲಿ ಶಾಂತಿಯಿದೆ, ದರವೂ ಹಿತ. ಆದರೆ ಸದಸ್ಯನೊಬ್ಬ ನಮ್ಮನ್ನು ಅತಿಥಿಗಳೆಂದು ಬರೆಸಿ ಒಳಗೆ ಕರೆದೊಯ್ಯಬೇಕು. ಒಬ್ಬನು ಯಾವಾಗಲೂ ಆತಿಥೇಯ, ಉಳಿದವರು ಯಾವಾಗಲೂ ಅತಿಥಿಗಳು ಎಂದಾದರೆ ಗೆಳೆತನದ ತಕ್ಕಡಿ ಒಂದೆಡೆ ವಾಲುತ್ತದೆ. ವರ್ಷಕ್ಕೊಮ್ಮೆ ಸಾಕು.

ಮನೆಯ ಮಹಡಿ

ಅಗ್ಗದ ಆಯ್ಕೆ ಮನೆಯೇ ಎಂದು ಎಲ್ಲರೂ ಹೇಳುತ್ತಾರೆ. ಅಂಗಡಿಯ ಬೆಲೆಗೆ ಬಾಟಲಿ, ಮನೆಯ ಊಟ, ಮೇಲೆ ಆಕಾಶ. ಈ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ. ಸಂಜೆ ಐದಕ್ಕೆ ಈರುಳ್ಳಿ ಹೆಚ್ಚಲು ಕೂತವಳು ರಾತ್ರಿ ಹನ್ನೆರಡಕ್ಕೆ ಪಾತ್ರೆ ತೊಳೆದು ಏಳುತ್ತಾಳೆ. ಮಹಡಿಯಿಂದ "ಇನ್ನೊಂದು ತಟ್ಟೆ ಕಬಾಬು" ಎಂಬ ಕೂಗು ಬಂದಾಗಲೆಲ್ಲ ಮೆಟ್ಟಿಲು ಹತ್ತುತ್ತಾಳೆ. ಆ ದುಡಿಮೆಗೆ ಬೆಲೆ ಕಟ್ಟಿದರೆ ಮನೆಯ ಕೂಟ ಎಲ್ಲಕ್ಕಿಂತ ದುಬಾರಿ. ನನ್ನ ಹೆಂಡತಿ ಒಮ್ಮೆಯೂ ದೂರಲಿಲ್ಲ. ದೂರದಿರುವುದನ್ನು ನಾನು ಒಪ್ಪಿಗೆಯೆಂದು ಭಾವಿಸಿದ್ದೆ, ಅದು ನನ್ನ ತಪ್ಪು.

ಈಗ ನಮ್ಮ ಮಹಡಿಯ ಕೂಟಕ್ಕೆ ಕಟ್ಟುಪಾಡುಗಳಿವೆ. ಅಡುಗೆ ಹೊರಗಿನಿಂದ ಬರುತ್ತದೆ, ಇಲ್ಲವೇ ಬಂದವರೇ ಮಾಡುತ್ತೇವೆ. ಎಲ್ಲರೂ ಸೇರಿ ಪಾತ್ರೆ ತೊಳೆದು, ಮಹಡಿ ಗುಡಿಸಿ, ಬಾಟಲಿಗಳನ್ನು ಚೀಲಕ್ಕೆ ಹಾಕಿದ ಮೇಲೆಯೇ ಹೊರಡುವುದು. ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದರೆ, ಕಾಯಿಲೆಯ ಹಿರಿಯರಿದ್ದರೆ ಆ ಮನೆ ಬೇಡ. ಮದ್ಯ ಮಾಂಸ ಹೊಸಿಲು ದಾಟಬಾರದೆಂಬ ನೇಮವಿರುವ ಮನೆಗಳು ನಮ್ಮ ಊರಿನಲ್ಲಿ ಬಹಳ. ಅಂತಹ ಗೆಳೆಯನನ್ನು "ನಿನ್ನ ಸರದಿ" ಎಂದು ಒತ್ತಾಯಿಸುವುದು ಅನ್ಯಾಯ. ಇನ್ನೊಂದು ಮಾತು: ಮಹಡಿಯ ಪ್ಯಾರಪೆಟ್ ಗೋಡೆ ಎದೆಯ ಮಟ್ಟಕ್ಕೆ ಇರಬೇಕು. ಹಳೆಯ ಮನೆಗಳಲ್ಲಿ ಅದು ಮೊಣಕಾಲಿಗೂ ಬರುವುದಿಲ್ಲ, ಕುಡಿದವರು ಅದರ ಮೇಲೆಯೇ ಹೋಗಿ ಕೂರುತ್ತಾರೆ.

ಮನೆಯಲ್ಲಿ ಇಟ್ಟುಕೊಳ್ಳುವ ಮದ್ಯಕ್ಕೂ ಮಿತಿಯಿದೆ, ಹಬ್ಬವೆಂದು ಪೆಟ್ಟಿಗೆಗಟ್ಟಲೆ ತುಂಬಬಾರದು. ಸಭಾಂಗಣ ಹಿಡಿದು ದೊಡ್ಡದಾಗಿ ಮಾಡುವುದಿದ್ದರೆ ಅಬಕಾರಿ ಇಲಾಖೆಯಿಂದ ಸಿಎಲ್-5 ಎಂಬ ಸಾಂದರ್ಭಿಕ ಸನ್ನದು ಪಡೆಯಬೇಕು.

ಮನೆಯೇ ಸರಿಯಾದ ಜಾಗವೆಂದು ನಾನು ಮನಸಾರೆ ಒಪ್ಪುವುದು ದುರ್ಗಾಂಬಿಕಾ ಜಾತ್ರೆಯಲ್ಲಿ. ಎರಡು ವರ್ಷಕ್ಕೊಮ್ಮೆ ಬರುವ ಆ ದಿನಗಳಲ್ಲಿ ಹಳೆಯ ದಾವಣಗೆರೆಯ ಬೀದಿಗಳಲ್ಲಿ ಬೀಗರು, ಗೆಳೆಯರು ಒಬ್ಬರಾದ ಮೇಲೆ ಒಬ್ಬರು ಬಂದು ಉಣ್ಣುತ್ತಿರುತ್ತಾರೆ. ಆ ಊಟದಲ್ಲಿ ಲೋಟಕ್ಕಿಂತ ತಟ್ಟೆ ದೊಡ್ಡದು. ಕುಡಿಯದವನು ಅಲ್ಲಿ ಯಾರ ಕಣ್ಣಿಗೂ ಬೇರೆಯಾಗಿ ಕಾಣುವುದಿಲ್ಲ.

ತೋಟ

ಚನ್ನಗಿರಿಯ ಕಡೆ ಅಡಿಕೆ ತೋಟ, ಹಿರಿಯೂರಿನ ಕಡೆ ತೆಂಗಿನ ತೋಟ. ಕಟ್ಟಿಗೆ ಒಲೆಯ ಮೇಲೆ ನಾಟಿಕೋಳಿ ಸಾರು ಕುದಿಯುತ್ತಿರುವಾಗ ಹಾಸಿದ ಚಾಪೆಯ ಮೇಲೆ ಅಂಗಾತ ಮಲಗಿ ಮಾತಾಡುವ ಸುಖವನ್ನು ಯಾವ ಎಸಿ ಹಾಲೂ ಕೊಡಲಾರದು. ನನ್ನ ಮನಸ್ಸಿಗೆ ತೋಟವೇ ಮೊದಲು. ಆದ್ದರಿಂದಲೇ ಅದರ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ.

ತೋಟದಲ್ಲಿ ಬಾವಿಯಿದೆ, ಕೃಷಿ ಹೊಂಡವಿದೆ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ನೀರು ತಾಗಿದರೆ ಪಾಚಿಗಿಂತ ಜಾರುತ್ತದೆ, ಈಜು ಬಲ್ಲವನೂ ಒಮ್ಮೆ ಜಾರಿದರೆ ಹಿಡಿದು ಮೇಲೆ ಬರಲು ಅಲ್ಲಿ ಅಂಚಿಲ್ಲ. ಕುಡಿದ ಮೇಲೆ ಕೈಕಾಲು ತೊಳೆಯಲು ಕೂಡ ಆ ಕಡೆ ಹೋಗಬಾರದು. ಕತ್ತಲಲ್ಲಿ ಹಾವು ಚೇಳುಗಳಿವೆ. ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಆಸ್ಪತ್ರೆ ದೂರ. ಎಲ್ಲಕ್ಕಿಂತ ಮಿಗಿಲಾಗಿ, ವಾಪಸು ಬರುವ ದಾರಿ ಕತ್ತಲೆಯ ಹಳ್ಳಿ ರಸ್ತೆ. ಅದಕ್ಕೆ ನಮ್ಮ ನಿಯಮ ಎರಡು. ರಾತ್ರಿ ಕೂಟವಾದರೆ ಅಲ್ಲಿಯೇ ಮಲಗಿ ಬೆಳಿಗ್ಗೆ ತಡವಾಗಿ ಹೊರಡುವುದು. ಉಳಿಯಲು ಆಗದಿದ್ದರೆ ಹಗಲಿನ ಕೂಟ ಮಾಡುವುದು: ಮಧ್ಯಾಹ್ನ ಊಟ, ಸಂಜೆ ಎಳನೀರು, ಕತ್ತಲಾಗುವ ಮುನ್ನ ಕುಡಿಯದ ಗೆಳೆಯ ಓಡಿಸುವ ಗಾಡಿಯಲ್ಲಿ ಮನೆ. ಎರಡರಲ್ಲಿ ಒಂದೂ ಸಾಧ್ಯವಾಗದಿದ್ದರೆ ತೋಟ ಬೇಡ.

ಡಾಬಾ, ಕೆರೆಯ ದಂಡೆ, ಬೆಟ್ಟ

ಇವನ್ನು ಹೋಲಿಕೆಗೆ ತೆಗೆದುಕೊಳ್ಳುವುದೇ ಇಲ್ಲ, ಆದರೂ ಹೆಚ್ಚಿನ ಹುಡುಗರು ಹೋಗುವುದು ಅಲ್ಲಿಗೇ ಆದ್ದರಿಂದ ಹೇಳಬೇಕು. ಹೆದ್ದಾರಿಯ ಅಂಚಿನ ಮದ್ಯದಂಗಡಿಗಳನ್ನು 500 ಮೀಟರ್ ಆಚೆಗೆ ಸರಿಸುವಂತೆ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಆದೇಶಿಸಿತು. 2017ರಲ್ಲಿ ಚಿಕ್ಕ ಊರುಗಳಿಗೆ ಆ ದೂರವನ್ನು 220 ಮೀಟರ್‌ಗೆ ಇಳಿಸಿತು, ನಗರಸಭೆ, ಪಾಲಿಕೆಗಳ ವ್ಯಾಪ್ತಿಯೊಳಗಿನ ಅಂಗಡಿಗಳಿಗೆ ವಿನಾಯಿತಿಯ ದಾರಿಯನ್ನೂ ತೆರೆಯಿತು. ಇಷ್ಟೆಲ್ಲ ನಡೆದದ್ದು ರಸ್ತೆಯಲ್ಲಿ ಸಾಯುವವರನ್ನು ನೋಡಿ. ಸನ್ನದಿಲ್ಲದ ಡಾಬಾದಲ್ಲಿ ಬಾಟಲಿ ಒಯ್ದು ಕುಡಿದು, ರಾತ್ರಿ ಹನ್ನೊಂದಕ್ಕೆ ಲಾರಿಗಳ ನಡುವೆ ಬೈಕು ಓಡಿಸಿಕೊಂಡು ಬರುವುದು ಆ ಕಾರಣವನ್ನೇ ಮತ್ತೆ ಹುಡುಕಿಕೊಂಡು ಹೋದಂತೆ. ನಮ್ಮಲ್ಲೊಬ್ಬ ಹಾಗೆ ಬರುವಾಗ ನಿಂತಿದ್ದ ಟ್ರ್ಯಾಕ್ಟರ್ ಟ್ರೈಲರ್‌ಗೆ ಗುದ್ದಿದ. ತೊಡೆಯ ಮೂಳೆಗೆ ಎರಡು ಶಸ್ತ್ರಚಿಕಿತ್ಸೆ, ಏಳು ತಿಂಗಳು ಹಾಸಿಗೆ. ರಕ್ತದಲ್ಲಿ ಮದ್ಯವಿತ್ತೆಂದು ಅಪಘಾತ ವಿಮೆಯ ಹಣವೂ ಕೈಸೇರಲಿಲ್ಲ. ಅವನ ಪಕ್ಕದಲ್ಲಿ ಕೂತು ಕುಡಿದು, ಅವನು ಕೀಲಿ ತಿರುಗಿಸಿದಾಗ ಸುಮ್ಮನಿದ್ದವರಲ್ಲಿ ನಾನೂ ಒಬ್ಬ.

ಕುಂದುವಾಡ ಕೆರೆಯ ದಂಡೆ, ಸೂಳೆಕೆರೆಯ ಏರಿ, ಜೋಗಿಮಟ್ಟಿಯ ಬೆಟ್ಟ, ಚಂದ್ರವಳ್ಳಿಯ ಬಂಡೆಗಳು ಎಲ್ಲರಿಗೂ ಸೇರಿದ ಜಾಗಗಳು. ಸಾರ್ವಜನಿಕ ಸ್ಥಳದಲ್ಲಿ ಕುಡಿಯುವುದನ್ನು 1965ರ ಕರ್ನಾಟಕ ಅಬಕಾರಿ ಕಾಯ್ದೆ ನಿಷೇಧಿಸುತ್ತದೆ. ಕಾಯ್ದೆಯ ಮಾತು ಬಿಟ್ಟರೂ, ಒಡೆದ ಬಾಟಲಿಯ ಚೂರು ಮರುದಿನ ಚುಚ್ಚುವುದು ಕುರಿ ಮೇಯಿಸುವ ಹುಡುಗನ ಬರಿಗಾಲಿಗೆ.

ಏನು ಕುಡಿಯುವುದು, ಎಷ್ಟು

"ನಾನು ಬೀರ್ ಮಾತ್ರ" ಎಂದು ಹೇಳಿ ಗಾಡಿ ಓಡಿಸುವವರನ್ನು ನಾನು ಬಹಳ ಕಂಡಿದ್ದೇನೆ. ದಯವಿಟ್ಟು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂಡಿ, ರಮ್ಮಿನಲ್ಲಿ ಸಾಮಾನ್ಯವಾಗಿ ಶೇ 42.8 ಆಲ್ಕೋಹಾಲ್ ಇರುತ್ತದೆ. 60 ಮಿಲಿಲೀಟರ್‌ನ ಒಂದು ದೊಡ್ಡ ಪೆಗ್‌ನಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 26 ಮಿಲಿಲೀಟರ್. 90 ಮಿಲಿಲೀಟರ್‌ನ ನೈಂಟಿಯಲ್ಲಿ 39, 180 ಮಿಲಿಲೀಟರ್‌ನ ಕ್ವಾರ್ಟರ್‌ನಲ್ಲಿ 77. ಈಗ ಬೀರಿಗೆ ಬನ್ನಿ. 650 ಮಿಲಿಲೀಟರ್ ಬಾಟಲಿಯ ಸಾದಾ ಬೀರಿನಲ್ಲಿ ಶೇ 5 ಎಂದರೆ 32 ಮಿಲಿಲೀಟರ್‌ಗೂ ಹೆಚ್ಚು. ಅದೇ ಬಾಟಲಿ ಶೇ 8ರ ಸ್ಟ್ರಾಂಗ್ ಆದರೆ 52. ಅಂದರೆ ಒಂದು ಬಾಟಲಿ ಸ್ಟ್ರಾಂಗ್ ಬೀರು ಎರಡು ದೊಡ್ಡ ಪೆಗ್ ವಿಸ್ಕಿಗೆ ಸಮ. "ಎರಡೇ ಬೀರು ಕುಡಿದೆ" ಎನ್ನುವವನ ಹೊಟ್ಟೆಯಲ್ಲಿ ನಾಲ್ಕು ದೊಡ್ಡ ಪೆಗ್‌ನಷ್ಟು ಆಲ್ಕೋಹಾಲ್ ಇದೆ. ಲೇಬಲ್ಲಿನ ಮೇಲಿನ ಶೇಕಡಾ ಅಂಕಿಯನ್ನು ಓದದೆ ಬೀರಿಗೂ ವಿಸ್ಕಿಗೂ ಹೋಲಿಕೆ ಮಾಡಬಾರದು.

ನಮ್ಮ ದೇಹ ಗಂಟೆಗೆ ಸುಮಾರು 10 ಮಿಲಿಲೀಟರ್ ಆಲ್ಕೋಹಾಲನ್ನು ಮಾತ್ರ ಅರಗಿಸಬಲ್ಲದು. ಆಳಿನಿಂದ ಆಳಿಗೆ ಸ್ವಲ್ಪ ವ್ಯತ್ಯಾಸವಿರಬಹುದು, ಆದರೆ ಕಾಫಿ, ನಿಂಬೆರಸ, ತಣ್ಣೀರಿನ ಸ್ನಾನ ಯಾವುದೂ ಅದನ್ನು ಚುರುಕುಗೊಳಿಸುವುದಿಲ್ಲ. ರಾತ್ರಿ ಎಂಟಕ್ಕೆ ಶುರುಮಾಡಿ ಎರಡು ಸ್ಟ್ರಾಂಗ್ ಮುಗಿಸಿದವನ ರಕ್ತದಿಂದ ಅದು ಇಳಿಯಲು ಬೆಳಗಿನ ಆರಾದರೂ ಆಗಬೇಕು. ಮಗುವನ್ನು ಶಾಲೆಗೆ ಬಿಡಲು ಏಳಕ್ಕೆ ಸ್ಕೂಟರ್ ತೆಗೆಯುವವರು ಇದನ್ನು ನೆನಪಿಡಬೇಕು. ಹೆಂಗಸರ ದೇಹದಲ್ಲಿ ನೀರಿನ ಪ್ರಮಾಣ ಕಡಿಮೆಯಿರುವುದರಿಂದ ಅಷ್ಟೇ ಕುಡಿದರೂ ರಕ್ತದಲ್ಲಿ ಅದರ ಅಂಶ ಹೆಚ್ಚಾಗುತ್ತದೆ. "ಸಮಸಮ ಕುಡಿಯೋಣ" ಎಂಬ ಪಂಥ ಅವರಿಗೆ ಸಮವಲ್ಲ.

ಖಾಲಿ ಹೊಟ್ಟೆಯಲ್ಲಿ ಕುಡಿದರೆ ಬೇಗ ಏರುತ್ತದೆ, ಊಟ ಮೊದಲು ಇರಲಿ. ಉಪ್ಪು ಖಾರದ ಸೈಡ್ಸ್ ಬಾಯಾರಿಕೆ ಹೆಚ್ಚಿಸಿ ಇನ್ನಷ್ಟು ಕುಡಿಸುತ್ತವೆ. ಬೇಯಿಸಿದ ಮೊಟ್ಟೆ, ಬೇಯಿಸಿದ ಶೇಂಗಾ, ಸೌತೆಕಾಯಿ ಒಳ್ಳೆಯವು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ಕುಡಿದ ಮೇಲೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು, ನೋಡುವವರು ಅದನ್ನು ಅಮಲೆಂದೇ ತಿಳಿಯುತ್ತಾರೆ. ನಿದ್ದೆ ಮಾತ್ರೆಯೊಂದಿಗೆ ಮದ್ಯ ಸೇರಿದರೆ ಉಸಿರಾಟವೇ ಕುಂದಬಹುದು. ಎಚ್ಚರತಪ್ಪಿ ಮಲಗಿದವನನ್ನು "ನಿದ್ದೆ ಮಾಡಲಿ ಬಿಡು" ಎಂದು ಬಿಟ್ಟು ಹೋಗಬಾರದು. ಮಗ್ಗುಲಾಗಿ ಮಲಗಿಸಿ, ಪಕ್ಕದಲ್ಲಿ ಒಬ್ಬರು ಕೂತಿರಿ. ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ 108ಕ್ಕೆ ಕರೆ ಮಾಡಿ.

ಆರೋಗ್ಯದ ದೃಷ್ಟಿಯಿಂದ ಹೋಲಿಸಿದರೆ ಗೆಲ್ಲುವುದು ಕುಡಿಯದವನ ನಿಂಬೆ ಸೋಡಾ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. ಮತ್ತೆ, 21 ತುಂಬದವರಿಗೆ ನಮ್ಮ ರಾಜ್ಯದ ಬಾರುಗಳು ಮದ್ಯ ಕೊಡುವಂತಿಲ್ಲ. ಗೆಳೆಯರ ತಮ್ಮಂದಿರನ್ನು ಕರೆದೊಯ್ಯುವವರು ಇದನ್ನು ಮರೆಯಬಾರದು.

ಹಬ್ಬಗಳಲ್ಲಿ ಯಾವ ದಿನ?

ಡಿಸೆಂಬರ್ 31ರ ರಾತ್ರಿಗೆ ಹೋಟೆಲುಗಳು ಪಾಸ್ ಮಾರುತ್ತವೆ: ಸಂಗೀತ, ಊಟ, ಬೇಕಾದಷ್ಟು ಮದ್ಯ. ಒಮ್ಮೆ ಹೋಗಿದ್ದೆವು. ಸ್ಪೀಕರಿನ ಸದ್ದಿಗೆ ನಾಲ್ಕು ಗಂಟೆಗಳಲ್ಲಿ ನಾವು ಆಡಿದ ಮಾತು ಹತ್ತು ವಾಕ್ಯವೂ ಇರಲಿಲ್ಲ, ಕೊಟ್ಟ ಹಣ ವಸೂಲಿ ಮಾಡಬೇಕೆಂದು ಎಲ್ಲರೂ ಮಿತಿಮೀರಿ ಕುಡಿದೆವು. ಕುಣಿಯಲು ಇಷ್ಟಪಡುವವರಿಗೆ ಅದು ಸರಿ. ಮಾತಿಗಾಗಿ ಸೇರುವವರು 29 ಅಥವಾ 30ನೇ ತಾರೀಖು ಸೇರಿ. ಬಾರಿನಲ್ಲಿ ಟೇಬಲ್ ಸಿಗುತ್ತದೆ, ಲಾಡ್ಜಿನಲ್ಲಿ ಕೋಣೆ ಸಿಗುತ್ತದೆ, ಆಟೋದವರು ಮಾಮೂಲಿ ದರಕ್ಕೆ ಬರುತ್ತಾರೆ. ಬೆಂಗಳೂರಿನ ಇಬ್ಬರೂ ರಜೆ ಹಾಕುವುದು ಹೇಗೂ ಆ ವಾರವೇ.

ಅಕ್ಟೋಬರ್ 2ರಂದು, ಮತದಾನ ಮುಗಿಯುವ ಮುನ್ನಿನ 48 ಗಂಟೆಗಳಲ್ಲಿ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ಗಣಪತಿ ವಿಸರ್ಜನೆಯ ದಿನಗಳಂದು ಜಿಲ್ಲಾಡಳಿತವೂ ಮದ್ಯ ಮಾರಾಟ ನಿಲ್ಲಿಸುವುದುಂಟು, ಚಿತ್ರದುರ್ಗದವರಿಗೆ ಇದು ಚೆನ್ನಾಗಿ ಗೊತ್ತು. ಅಂದು ಕಳ್ಳದಾರಿಯಲ್ಲಿ ಹುಡುಕುವ ಬದಲು ದಿನವನ್ನೇ ಬದಲಿಸಿ.

ಯುಗಾದಿಯ ಕೂಟದಲ್ಲಿ ನಾವು ಮದ್ಯವನ್ನೇ ಕೈಬಿಟ್ಟೆವು. ಹಬ್ಬದ ಮರುದಿನ ಸಂಜೆ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುವುದು ನಮ್ಮ ಕಡೆಯ ಪದ್ಧತಿ. ಬಾಯಿ ನಾರುತ್ತಾ ಅಮ್ಮನ ಮುಂದೆ ಬಾಗುವುದು ಯಾರಿಗೂ ಇಷ್ಟವಿರಲಿಲ್ಲ. ಈಗ ಚಂದ್ರ ಕಂಡ ಮೇಲೆ ಒಬ್ಬರ ಮನೆಯಿಂದ ಒಬ್ಬರ ಮನೆಗೆ ನಡೆದುಹೋಗಿ ಹಿರಿಯರಿಗೆಲ್ಲ ನಮಸ್ಕರಿಸಿ, ಕೊನೆಗೆ ರಾಮ್ ಅಂಡ್ ಕೋ ವೃತ್ತದಲ್ಲಿ ನಿಂತು ಖಾರ ಮಂಡಕ್ಕಿ, ಮಿರ್ಚಿ ತಿನ್ನುತ್ತೇವೆ. ಏಳು ಜನರೂ ತಪ್ಪದೆ ಸೇರುವ ಕೂಟ ಇದೊಂದೇ. ಮೂರು ವರ್ಷ ದೂರವಿದ್ದ ಗೆಳೆಯ ಮೊದಲು ಮರಳಿ ಬಂದದ್ದು ಇಲ್ಲಿಗೆ. ಬೆಳಗಿನ ಹೊತ್ತು ಬೆಣ್ಣೆ ದೋಸೆಗೆ ಸೇರುವುದೂ ಇಷ್ಟೇ ಒಳ್ಳೆಯದು, ಆದರೆ ಹೋಟೆಲಿನಲ್ಲಿ ಹಿಂದೆ ಜನ ಕಾಯುತ್ತಿರುವಾಗ ಹೆಚ್ಚು ಹೊತ್ತು ಕೂರಲಾಗುವುದಿಲ್ಲ.

ಹಣ ಮತ್ತು ದಾರಿ

ಬಿಲ್ಲನ್ನು ತಲೆಗೆ ಸಮನಾಗಿ ಹಂಚುವ ಪದ್ಧತಿ ನೋಡಲು ಸರಳ. ಅದರಲ್ಲಿ ನಿಂಬೆ ಸೋಡಾ ಕುಡಿದವನು ಇತರರ ವಿಸ್ಕಿಗೆ ಹಣ ಕೊಡುತ್ತಾನೆ, ಸಂಬಳ ಕಡಿಮೆಯಿರುವವನು ಮುಂದಿನ ಸಲ ಬರಲು ಹಿಂಜರಿಯುತ್ತಾನೆ. ನಾವು ಎರಡು ಬಿಲ್ಲು ಮಾಡಿಸುತ್ತೇವೆ. ಊಟದ್ದು ಎಲ್ಲರಿಗೂ, ಮದ್ಯದ್ದು ಕುಡಿದವರಿಗೆ. ಕೂರುವ ಮೊದಲೇ ಸಪ್ಲೈಯರ್‌ಗೆ ಹೇಳಿದರೆ ಆಯಿತು. "ಈ ಸುತ್ತು ನನ್ನದು" ಎನ್ನುವ ಸರದಿಯನ್ನು ನಿಲ್ಲಿಸಿದೆವು, ಸರದಿ ಮುಗಿಸಲೆಂದೇ ಎಲ್ಲರೂ ಒಂದೊಂದು ಹೆಚ್ಚಿಗೆ ಕುಡಿಯುತ್ತಿದ್ದೆವು.

ಕಾನೂನಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇಟ್ಟುಕೊಂಡು ವಾಹನ ಓಡಿಸುವುದು ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ನಾನು ಅಂಕಿಯನ್ನು ನೆಚ್ಚುವುದಿಲ್ಲ. ಒಂದು ಗುಟುಕು ಕುಡಿದವನೂ ಅಂದು ಓಡಿಸುವಂತಿಲ್ಲ. ದಾವಣಗೆರೆಯಲ್ಲಿ ವಿದ್ಯಾನಗರದಿಂದ ಹಳೆಯ ಪೇಟೆಗಾಗಲಿ, ಚಿತ್ರದುರ್ಗದಲ್ಲಿ ಬಿ.ಡಿ. ರಸ್ತೆಯಿಂದ ಕೋಟೆಯ ಕೆಳಗಿನ ಬೀದಿಗಳಿಗಾಗಲಿ ಆಟೋದ ದಾರಿ ಎಷ್ಟು ಹೊತ್ತಿನದು? ಗೊತ್ತಿರುವ ಆಟೋದವರೊಬ್ಬರಿಗೆ ಸಂಜೆಯೇ ಹೇಳಿಡುತ್ತೇವೆ, ರಾತ್ರಿಯ ಬಾಡಿಗೆಯನ್ನು ಚೌಕಾಸಿ ಮಾಡುವುದಿಲ್ಲ. ಸ್ಕೂಟರನ್ನು ಮನೆಯಿಂದ ತರುವುದೇ ಇಲ್ಲ. ತಂದ ಗಾಡಿಯನ್ನು ಬಿಟ್ಟುಹೋಗಲು ಅಮಲಿನ ಮನಸ್ಸು ಒಪ್ಪುವುದಿಲ್ಲವೆಂದು ಆ ಟ್ರೈಲರ್ ನಮಗೆ ಕಲಿಸಿದೆ.

ಈ ಡಿಸೆಂಬರಿನ ಜಾಗವನ್ನು ಆರಿಸುವ ಹೊಣೆಯನ್ನು ಕುಡಿತ ಬಿಟ್ಟ ಗೆಳೆಯನಿಗೇ ಒಪ್ಪಿಸಿದ್ದೆವು. ಅವನು ಮದ್ಯ ಸಿಗುವ ಜಾಗವನ್ನೇ ಹೇಳಿಯಾನೆಂದು ಯಾರೂ ಎಣಿಸಿರಲಿಲ್ಲ. 29ನೇ ತಾರೀಖು ಸಂಜೆ ಆರೂವರೆ, ಮೇಲೆ ಕೋಣೆಗಳಿರುವ ಲಾಡ್ಜಿನ ರೆಸ್ಟೋರೆಂಟ್, ಕಿಟಕಿಯ ಪಕ್ಕದ ಟೇಬಲ್. ಶೌಚಾಲಯ ನೋಡಿ ಬಂದಿದ್ದಾನೆ, ಚಿಲಕ ಸರಿಯಿದೆಯಂತೆ. ಚಿತ್ರದುರ್ಗದವನಿಗೆ ಮತ್ತು ಬೆಂಗಳೂರಿನ ಇಬ್ಬರಿಗೆ ಕೋಣೆ ಹೇಳಿ ಮುಂಗಡ ಕೊಟ್ಟಿದ್ದಾನೆ. ಆಟೋದವರಿಗೆ ಹತ್ತೂವರೆಗೆ ಬರಲು ಹೇಳುವುದು ನನ್ನ ಕೆಲಸ.